ಗ್ರಂಥಪಾಲಕರನ್ನು ಎಣಿಸುವುದು ಹೇಗೆ?

ಪ್ರಶ್ನೆ: ಅಮೆರಿಕದ ಗ್ರಂಥಪಾಲಕರಲ್ಲಿ ಹೆಂಗಸರೇ ಹೆಚ್ಚಂತೆ. ಇದು ಗೊತ್ತಾದದ್ದು ಹೇಗೆ?

ಉತ್ತರ: ಮಾತು ನಿಜ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ತನ್ನ ಸದಸ್ಯರ ಸಮೀಕ್ಷೆ ನಡೆಸುವುದುಂಟು. ಆದರೆ ಗ್ರಂಥಪಾಲಕರೆಲ್ಲ ಸದಸ್ಯರಲ್ಲ, ಸದಸ್ಯರೆಲ್ಲ ಉತ್ತರಿಸುವುದೂ ಇಲ್ಲ. ಹಾಗಾಗಿ ‘ಡೈವರ್ಸಿಟಿ ಕೌಂಟ್ಸ್’ ಎಂಬ ಅಧ್ಯಯನಕ್ಕೆ ಅದು ಜನಗಣತಿ ಇಲಾಖೆಯ ಅಂಕಿಅಂಶಗಳನ್ನೇ ನೆಚ್ಚಿತು. ಇಲಾಖೆ ಚೀಟಿ ಎತ್ತಿದಂತೆ ಮನೆಗಳನ್ನು ಆರಿಸಿ ಉದ್ಯೋಗ, ವಯಸ್ಸು, ಲಿಂಗ, ಜನಾಂಗ ಕೇಳುತ್ತದೆ. ಉತ್ತರಿಸುವುದು ಕಾನೂನಿನಂತೆ ಕಡ್ಡಾಯ. 2009–10ರ ಲೆಕ್ಕದಲ್ಲಿ ಸುಮಾರು 1.19 ಲಕ್ಷ ಅರ್ಹ ಗ್ರಂಥಪಾಲಕರ ಪೈಕಿ ಶೇ. 83ರಷ್ಟು ಮಹಿಳೆಯರು, ಶೇ. 88ರಷ್ಟು ಬಿಳಿಯರು. ಹೆಂಗಸರ ಈ ಮೇಲುಗೈ ಹಳೆಯದು: 1887ರಲ್ಲಿ ಮೆಲ್ವಿಲ್ ಡ್ಯೂಯಿ ಕೊಲಂಬಿಯಾ ಕಾಲೇಜಿನಲ್ಲಿ ತೆರೆದ ಗ್ರಂಥಾಲಯ ಶಾಲೆಯ ಮೊದಲ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಹೆಂಗಸರು. ಓದಿದ ಹೆಣ್ಣುಮಕ್ಕಳು ಕಡಿಮೆ ಸಂಬಳಕ್ಕೆ ಸಿಗುತ್ತಿದ್ದುದೂ ಇದಕ್ಕೊಂದು ಕಾರಣ.