ಹಳೆಯ ಕಾರಿಗೆ ಹೊಸ ವ್ಯಾಕ್ಯೂಮ್ ಪೈಪು

ಹಳೆಯ ಅಂಬಾಸಡರ್ ಕಾರನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿರುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಅದರ ತಯಾರಿಕೆ 2014ರಲ್ಲಿ ನಿಂತಿತು. ಕಬ್ಬಿಣ ಬಾಳಿದಷ್ಟು ಕಾಲ ರಬ್ಬರು ಬಾಳದು. ಬಿರಿದರೂ ಕಣ್ಣಿಗೆ ಬೀಳದೆ ತೊಂದರೆ ಕೊಡುವುದು ಮೆಕ್ಯಾನಿಕ್ಕರು ವ್ಯಾಕ್ಯೂಮ್ ಪೈಪು ಎನ್ನುವ ಸಣ್ಣ ಕೊಳವೆ.

ನಿರ್ವಾತವೆಂದರೆ ಗಾಳಿಯಿಲ್ಲದ ಎಡೆ. ಇಂಜಿನಿನಲ್ಲಿ ಆಗುವುದು ಅರೆ ನಿರ್ವಾತ ಮಾತ್ರ. ಪಿಸ್ಟನ್ನು ಗಾಳಿ ಎಳೆಯುವಾಗ ಕಾರ್ಬುರೇಟರಿನ ಬಾಗಿಲು ಮುಚ್ಚಿದ್ದರೆ, ಒಳಗಿನ ಒತ್ತಡವು ಹೊರಗಿನದಕ್ಕಿಂತ ಪಾದರಸದ 450ರಿಂದ 500 ಮಿಲಿಮೀಟರಿನಷ್ಟು ಇಳಿಯುತ್ತದೆ. ಇಂತಹ ಸೆಳೆತವೇ ಡಿಸ್ಟ್ರಿಬ್ಯೂಟರಿನ ಕಿಡಿಯನ್ನು ಹೊತ್ತಿಗೆ ತಕ್ಕಂತೆ ಮುಂದಕ್ಕೆ ತರುತ್ತದೆ. ಕೆಲವು ಕಾರುಗಳಲ್ಲಿ ಬ್ರೇಕಿಗೂ ಬಲ ಕೊಡುತ್ತದೆ.

ನೀರಿನ ಕೊಳವೆಯನ್ನು ಒಳಗಿನ ಒತ್ತಡ ಉಬ್ಬಿಸುತ್ತದೆ. ಇದನ್ನಾದರೋ ಹೊರಗಿನ ಗಾಳಿ ಅಮುಕುತ್ತದೆ, ಚದರ ಸೆಂಟಿಮೀಟರಿಗೆ ಸುಮಾರು 0.6 ಕಿಲೋಗ್ರಾಂ ಬಲದಿಂದ. ತೆಳುವಾದ ಕೊಳವೆ ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಆದುದರಿಂದ ಕೊಳ್ಳುವಾಗ ಗೋಡೆಯ ದಪ್ಪವನ್ನು ಮೊದಲು ನೋಡಿರಿ.

ಎರಡನೆಯದು ಅಳತೆ. ಹಿಗ್ಗಿ ಗಡುಸಾದ ಹಳೆಯ ಕೊಳವೆಯನ್ನು ಅಳೆಯಬೇಡಿರಿ. ಅದು ಕೂರುವ ಲೋಹದ ಮೂತಿಯನ್ನು ಅಳೆಯಿರಿ. ಹೊಸದರ ಒಳವ್ಯಾಸ ಅದಕ್ಕಿಂತ ತುಸು ಕಿರಿದಾಗಿದ್ದರೆ ಬಿಗಿಯಾಗಿ ಕೂರುತ್ತದೆ.

ಮೂರನೆಯದು ಜಾತಿ. ಪೆಟ್ರೋಲಿನ ಆವಿಗೆ ನೈಟ್ರೈಲ್ ರಬ್ಬರು ತಡೆಯುತ್ತದೆ. ರೇಡಿಯೇಟರಿಗೆ ಬಳಸುವ ರಬ್ಬರು ಆ ಆವಿಗೆ ಉಬ್ಬುತ್ತದೆ. ಬಣ್ಣದ ಸಿಲಿಕೋನ್ ಕೊಳವೆ ಶಾಖವನ್ನು ಚೆನ್ನಾಗಿ ತಾಳುವುದಾದರೂ ಪೆಟ್ರೋಲಿಗೂ ಎಣ್ಣೆಗೂ ಅಷ್ಟು ತಾಳದು. ಜೋಡಿಸುವಾಗ ಮುರುಟದಂತೆ, ಹೊಗೆ ಕೊಳವೆಗೆ ತಗಲದಂತೆ ಒಯ್ಯಿರಿ.

ಬ್ರೇಕಿನ ಕೊಳವೆಯ ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು. ಬಟ್ಟೆಯ ಪದರವುಳ್ಳ, ಬ್ರೇಕಿಗೆಂದೇ ಮಾಡಿದ ಕೊಳವೆಯನ್ನೇ ಹಾಕಿಸಿರಿ. ಅದು ಸೋರಿದರೆ ಪೆಡಲು ಕಲ್ಲಿನಂತಾಗುತ್ತದೆ. ಎಷ್ಟು ತುಳಿದರೂ ಕಾರು ಬೇಗ ನಿಲ್ಲದು.

ಪರೀಕ್ಷೆ ಸುಲಭ. ಇಂಜಿನು ನಿಲ್ಲಿಸಿ ಪೆಡಲನ್ನು ನಾಲ್ಕೈದು ಬಾರಿ ತುಳಿಯಿರಿ. ಕಾಲು ತೆಗೆಯದೆ ಇಂಜಿನು ಚಾಲೂ ಮಾಡಿರಿ. ಪೆಡಲು ತುಸು ಕೆಳಗಿಳಿದರೆ ಸೆಳೆತ ತಲುಪುತ್ತಿದೆ ಎಂದರ್ಥ. ಇಳಿಯದಿದ್ದರೆ ಆ ಕಾರನ್ನು ರಸ್ತೆಗೆ ಇಳಿಸಬೇಡಿರಿ; ಮೆಕ್ಯಾನಿಕ್ಕರನ್ನು ಮನೆಗೇ ಕರೆಸಿರಿ. ಗೇಣುದ್ದದ ರಬ್ಬರಿನ ಬೆಲೆ ಅಲ್ಪ; ಅದನ್ನು ನಂಬಿ ಕಾರಿನಲ್ಲಿ ಕುಳಿತವರ ಜೀವ ಅಲ್ಪವಲ್ಲ.