ಸ್ಟಿಕ್ಕಿಗೂ ರೆಕ್ಕೆಗೂ ನಡುವೆ

ಫ್ಲೈಟ್ ಸಿಮ್ಯುಲೇಟರಿಗೆಂದು ಏರ್‌ಬಸ್ ಎ320 ಒಂದನ್ನು ಕಟ್ಟಲು ಹೊರಟವರಿಗೆ ಅದರ ಹೊರಮೈ ದೊಡ್ಡ ಸವಾಲಲ್ಲ. ಒಳ್ಳೆಯ ಕಲಾವಿದರೂ ಒಂದಷ್ಟು ತಾಳ್ಮೆಯೂ ಇದ್ದರೆ ಕಾಕ್‌ಪಿಟ್ಟಿನ ಮಾಸಿದ ಗುಂಡಿಗಳವರೆಗೆ ಎಲ್ಲವೂ ಮೂಡುತ್ತವೆ. ತಲೆನೋವು ಶುರುವಾಗುವುದು ವಿಮಾನ ಮೇಲೆದ್ದ ನಂತರ.

ಸಣ್ಣ ಸೆಸ್ನಾದಲ್ಲಿ ಚುಕ್ಕಾಣಿ ಎಳೆದರೆ ಬಾಲದ ಎಲಿವೇಟರ್ ನೇರವಾಗಿ ಏಳುತ್ತದೆ. ಸಿಮ್ಯುಲೇಟರಿಗೆ ಮೂಲತಃ ತಿಳಿದಿರುವುದೂ ಇಷ್ಟೇ. ಎ320 ಹಾಗಲ್ಲ. ಅಲ್ಲಿ ಪೈಲಟ್ ಸ್ಟಿಕ್ ಎಳೆದು ಕೇಳುವುದು ‘ಇಷ್ಟು ಜಿ ಬಲ ಬೇಕು’ ಎಂದು. ಎಲಿವೇಟರನ್ನು ಎಷ್ಟು ತಿರುಗಿಸಬೇಕೆಂಬುದು ಕಂಪ್ಯೂಟರಿನ ತೀರ್ಮಾನ. ಹಾಗಾಗಿ ಆ್ಯಡ್-ಆನ್ (ಸಿಮ್ಯುಲೇಟರಿಗೆ ಸೇರಿಸುವ ವಿಮಾನ) ತಯಾರಕರು ಸ್ಟಿಕ್ಕಿಗೂ ಸಿಮ್ಯುಲೇಟರಿನ ರೆಕ್ಕೆಗೂ ನಡುವೆ ತಮ್ಮದೇ ಪ್ರೋಗ್ರಾಂ ಕೂರಿಸಬೇಕು. ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಅದು ಎಡೆಬಿಡದೆ ಲೆಕ್ಕ ಹಾಕುತ್ತಿರುತ್ತದೆ. ತಿದ್ದುವ ವೇಗ ಹೆಚ್ಚಾದರೆ ಮೂತಿ ಮೇಲೆ ಕೆಳಗೆ ತೂಗಾಡುತ್ತದೆ, ಕಡಿಮೆಯಾದರೆ ವಿಮಾನ ಜಡವಾಗುತ್ತದೆ. ಇಳಿಯುವಾಗಿನ ನಿಯಮ ಇನ್ನೂ ವಿಚಿತ್ರ: 50 ಅಡಿಯಲ್ಲಿ ಕಂಪ್ಯೂಟರ್ ಮೂತಿಯ ಕೋನವನ್ನು ನೆನಪಿಟ್ಟುಕೊಳ್ಳುತ್ತದೆ; 30 ಅಡಿಯಿಂದ ಅದನ್ನು ಮೆಲ್ಲಗೆ ಕೆಳಗೆ ತಳ್ಳತೊಡಗುತ್ತದೆ. ಮಾಮೂಲಿ ವಿಮಾನದಂತೆ ಪೈಲಟ್ ಸ್ಟಿಕ್ ಎಳೆದೇ ಇಳಿಸಲಿ ಎಂದು ಬೇಕೆಂದೇ ಮಾಡಿದ ಏರ್ಪಾಡು ಇದು. ಇದನ್ನು ಬಿಟ್ಟ ಆ್ಯಡ್-ಆನ್ ನೋಡಲು ಎಷ್ಟೇ ಚೆಂದವಿರಲಿ, ನನ್ನ ಲೆಕ್ಕದಲ್ಲಿ ಬರೀ ಗೊಂಬೆ.

ಈ ಪ್ರೋಗ್ರಾಂ ಓಡುವುದೆಲ್ಲಿ? ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ಒಳಗೇ ಓಡಬೇಕಾದರೆ ವೆಬ್ ಅಸೆಂಬ್ಲಿ ಎಂಬ ಬೇಲಿಯೊಳಗಿನ ಜಾಗಕ್ಕೆ ಹೊಂದಿಸಬೇಕು. ಫೀನಿಕ್ಸ್ ಎಂಬ ಆ್ಯಡ್-ಆನ್ ತಯಾರಕರ ಎ320 ತನ್ನ ವ್ಯವಸ್ಥೆಗಳನ್ನು ಹೊರಗಿನ ಬೇರೆ ಪ್ರೋಗ್ರಾಂನಲ್ಲಿ ಓಡಿಸುತ್ತದೆ. ಕಂಪ್ಯೂಟರಿನಲ್ಲಿ ಇದರಿಂದ ಸ್ವಾತಂತ್ರ್ಯ ಸಿಕ್ಕಿತು, ಹೊರಗಿನ ಪ್ರೋಗ್ರಾಂಗೆ ಅವಕಾಶವಿಲ್ಲದ ಎಕ್ಸ್‌ಬಾಕ್ಸ್‌ನ ಬಾಗಿಲು ಮುಚ್ಚಿತು. ಬೇಲಿಯ ಒಳಗೋ ಹೊರಗೋ, ಸಮಯದ ಬಿಗಿ ತಪ್ಪದು: ಸೆಕೆಂಡಿಗೆ 30 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವುದು ಸುಮಾರು 33 ಮಿಲಿಸೆಕೆಂಡು. ಅದರಲ್ಲೇ ಮೋಡ, ನೆಲ, ಕಾಕ್‌ಪಿಟ್ಟಿನ ಪರದೆಗಳು ಎಲ್ಲ ಮುಗಿಯಬೇಕು.

ಇನ್ನೊಂದು ತೊಡಕು ಮಾಹಿತಿಯದು: ಎಂಜಿನ್ ಮತ್ತು ವಾಯುಬಲದ ಪೂರ್ಣ ಅಂಕಿಅಂಶಗಳನ್ನು ವಿಮಾನ ತಯಾರಿಸುವ ಕಂಪನಿಗಳು ಬಯಲಿಗಿಡುವುದಿಲ್ಲ. ಕೈಪಿಡಿಯ ಕೋಷ್ಟಕಗಳು, ನಿಜವಾದ ಪೈಲಟ್‌ಗಳ ಸಲಹೆ ಇವನ್ನಿಟ್ಟುಕೊಂಡು ಹಿಮ್ಮುಖವಾಗಿ ಲೆಕ್ಕ ಕಟ್ಟಬೇಕು. ಹಾಗೆ ಕಟ್ಟಿದ್ದು ಕೂತಿತು ಅನ್ನುವಷ್ಟರಲ್ಲಿ ಸಿಮ್ಯುಲೇಟರಿನ ಅಪ್‌ಡೇಟ್ ಬಂದು ನೆಲದ ಘರ್ಷಣೆಯೋ ಗಾಳಿಯ ಲೆಕ್ಕವೋ ಬದಲಾಗಿರುತ್ತದೆ. ಗ್ರಾಹಕರು ಬೈಯುವುದು ಮಾತ್ರ ವಿಮಾನ ಮಾಡಿದವರನ್ನೇ.

ಹೊಸ ಎ320 ಕೊಂಡವರು ಅದರ ಬಣ್ಣ ನೋಡುವ ಮೊದಲು ಇದನ್ನು ಮಾಡಿ ನೋಡಬಹುದು. ಆಟೋಪೈಲಟ್ ತೆಗೆದು, ವಿಮಾನವನ್ನು 45 ಡಿಗ್ರಿ ವಾಲಿಸಿ ಸ್ಟಿಕ್ ಬಿಟ್ಟುಬಿಡಿ. ಅದು ತಾನಾಗಿ 33 ಡಿಗ್ರಿಗೆ ಮರಳಿ ಅಲ್ಲೇ ನಿಲ್ಲಬೇಕು.