ಹೆರಿಗೆಯ ನಂತರದ ನಡುಕ ಎಲ್ಲವೂ ಸನ್ನಿಯಲ್ಲ

ಹೆರಿಗೆ ಸುಸೂತ್ರವಾಗಿದೆ, ಮಾಸೂ ಬಿದ್ದಿದೆ. ಸ್ವಲ್ಪ ಹೊತ್ತಿಗೆ ಬಾಣಂತಿಗೆ ಹಲ್ಲು ಕಟಕಟಿಸುವಷ್ಟು ನಡುಕ, ಹಿಂದೆಯೇ ಜ್ವರ. ರಾಯಚೂರು ಜಿಲ್ಲೆಯ ಗುರುಗುಂಟಾ ಸುತ್ತಿನ ಹಳ್ಳಿಗಳ ಹಿರಿಯರಿಗೆ ಮೊದಲು ನೆನಪಾಗುವುದು ಸನ್ನಿ. ಆದರೆ ರಕ್ತಸ್ರಾವ ತಡೆಯಲು ಆಕೆಗೆ ಮಿಸೋಪ್ರೊಸ್ಟಾಲ್ ಕೊಟ್ಟಿದ್ದರೆ, ಬಹುಮಟ್ಟಿಗೆ ಅದು ಮಾತ್ರೆಯದೇ ಪರಿಣಾಮ. ಕೆಲವು ಗಂಟೆಗಳಲ್ಲಿ ಇಳಿಯುತ್ತದೆ.

ಇದು ನಮ್ಮ ನಾಡಿನಲ್ಲೇ ಪರೀಕ್ಷೆಗೊಳಗಾದ ಸಂಗತಿ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಅಧ್ಯಯನ ನಡೆಸಿದರು. ಕೆಲವರಿಗೆ 600 ಮೈಕ್ರೊಗ್ರಾಂ ಮಿಸೋಪ್ರೊಸ್ಟಾಲ್, ಉಳಿದವರಿಗೆ ಮದ್ದಿಲ್ಲದ ಅಂಥದೇ ಮಾತ್ರೆ. ಕೊಟ್ಟವರು ಹಳ್ಳಿಯ ನರ್ಸಮ್ಮಂದಿರೇ. ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಬಾಣಂತಿಯ ಕೆಳಗೆ ಅಳತೆಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆ ಹಾಸಿ ಅಳೆದರು. ಅರ್ಧ ಲೀಟರಿಗೂ ಹೆಚ್ಚು ರಕ್ತ ಹೋದವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಮದ್ದು ನುಂಗಿದ ಅರ್ಧದಷ್ಟು ಮಂದಿಗೆ ನಡುಕ ಬಂತು. ಮದ್ದಿಲ್ಲದ ಮಾತ್ರೆ ನುಂಗಿದವರಲ್ಲೂ ಕೆಲವರು ನಡುಗಿದ್ದರು. 2006ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನನ್ನ ಲೆಕ್ಕದಲ್ಲಿ ಒಂದೆರಡು ಗಂಟೆಯ ಚಳಿಜ್ವರ ಜೀವಕ್ಕಿಂತ ದೊಡ್ಡದಲ್ಲ. ಆದರೆ ಅದನ್ನು ಮಾತ್ರೆ ಕೊಡುವ ಮುನ್ನವೇ ಹೇಳಬೇಕು. ಹೇಳದಿದ್ದರೆ ಮನೆಯವರು ದಿಗಿಲುಬಿದ್ದು ಔಷಧವನ್ನೇ ದೂರುತ್ತಾರೆ.

ಮೊದಲ ಆಯ್ಕೆ ಈಗಲೂ ಆಕ್ಸಿಟೋಸಿನ್ ಸೂಜಿಯೇ. ಅದರಿಂದ ನಡುಕ, ಜ್ವರ ಕಡಿಮೆ. ನರಕ್ಕೆ ಒಮ್ಮೆಲೇ ಕೊಟ್ಟರೆ ಮಾತ್ರ ಬಿಪಿ ಕುಸಿಯಬಹುದು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಕರೆಂಟ್ ಹೋದರೆ ಅದೇ ಚಿಂತೆ. ಮಾತ್ರೆಗೆ ಫ್ರಿಜ್ ಬೇಕಿಲ್ಲ.

ನಿಜಕ್ಕೂ ಎಚ್ಚರ ಬೇಕಾದದ್ದು ರಕ್ತಸ್ರಾವಕ್ಕೇ ಕೊಡುವ ಬೇರೆ ಎರಡು ಮದ್ದುಗಳಲ್ಲಿ. ಬಿಪಿ ಹೆಚ್ಚಿರುವ ತಾಯಿಗೆ ಮೆಥರ್ಜಿನ್ ಕೊಡಬಾರದು, ಅದು ಬಿಪಿಯನ್ನು ಇನ್ನೂ ಏರಿಸುತ್ತದೆ. ದಮ್ಮು ಇರುವವರಿಗೆ ಕಾರ್ಬೊಪ್ರೊಸ್ಟ್ ಸಲ್ಲದು, ಉಸಿರುಗಟ್ಟಿಸಬಹುದು. ಬಸುರಿಗೆ ಬಿಪಿ, ದಮ್ಮು ಇವೆರಡರಲ್ಲಿ ಯಾವುದಿದ್ದರೂ ನೋವು ಶುರುವಾಗುವ ಮೊದಲೇ ಆಶಾ ಕಾರ್ಯಕರ್ತೆಗೆ ತಿಳಿಸಿರಬೇಕು.

ಮರುದಿನವೂ ಜ್ವರ ಇಳಿಯದಿದ್ದರೆ, ಕೆಟ್ಟ ವಾಸನೆಯ ಸ್ರಾವವಿದ್ದರೆ ಅದು ಮಾತ್ರೆಯ ಜ್ವರವಲ್ಲ, ನಂಜು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕೇ ಕೊಟ್ಟ ಮದ್ದಿನ ಹೆಸರು, ಕೊಟ್ಟ ಹೊತ್ತು ತಾಯಿ ಕಾರ್ಡಿನಲ್ಲಿ ದಾಖಲಾಗಬೇಕು. 108ರಲ್ಲಿ ಬಂದ ಬಾಣಂತಿಯನ್ನು ಲಿಂಗಸುಗೂರಿನಲ್ಲಿ ಇಳಿಸಿಕೊಳ್ಳುವ ವೈದ್ಯರು ಮೊದಲು ಕೇಳುವುದು ಅದನ್ನೇ.